ಮಿಸ್, ಅವಳ ತುಟಿಗೆ ಏನಾಗಿದೆ?

ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನರ ಅಪ್ಪ ಅಮ್ಮಂದಿರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಬಂದವರು. ವರ್ಷದ ನಡುವೆ ಟಿ.ಸಿ. ಹಿಡಿದು ಬರುವ ಮಕ್ಕಳು ನಮಗೆ ಹೊಸಬರಲ್ಲ. ಹಾಗೆ ನಾಲ್ಕನೇ ತರಗತಿಗೆ ಸೇರಿದ ಯಾದಗಿರಿ ಕಡೆಯ ಹುಡುಗಿಯೊಬ್ಬಳ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ. ಹುಟ್ಟುವಾಗ ಅವಳ ಮೇಲ್ದುಟಿ ಮತ್ತು ಅಂಗುಳ ಸೀಳಿದ್ದವು. ಎರಡಕ್ಕೂ ಚಿಕ್ಕಂದಿನಲ್ಲೇ ಆಪರೇಷನ್ ಆಗಿತ್ತು. ತುಟಿಯಿಂದ ಮೂಗಿನವರೆಗೆ ಹೊಲಿಗೆಯ ಗೆರೆ, ಒಂದು ಹೊಳ್ಳೆ ಸ್ವಲ್ಪ ಚಪ್ಪಟೆ, ಮಾತೆಲ್ಲ ಮೂಗಿನಿಂದ ಬಂದಂತೆ.

ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಅಂದರೆ ದೊಡ್ಡ ಶಾಲೆಯಲ್ಲಿ ಕೆಲಸ ಮಾಡುವ ಯಾವ ಶಿಕ್ಷಕರಿಗೂ ಇಂಥ ಮಗು ಸಿಗಬಹುದು. ಆದರೂ ಏನು ಮಾಡಬೇಕು ಎಂದು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಡುತ್ತಾ ಮಾಡುತ್ತಾ ನನಗೆ ತಿಳಿದದ್ದು ಇಷ್ಟು: ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಪ್ರಶ್ನೆ ಅಡ್ಡಹೆಸರಾಗುತ್ತದೆ. "ಮಿಸ್, ಅವಳ ತುಟಿಗೆ ಏನಾಗಿದೆ?" ಎಂದು ಒಂದು ಮಗು ಕೇಳಿದಾಗ ದೊಡ್ಡವರು "ಶ್, ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸುತ್ತಾರೆ. ಇದೇನೋ ಹೇಳಬಾರದ ವಿಷಯ ಎಂದು ಮಗು ಅರ್ಥಮಾಡಿಕೊಳ್ಳುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಅವಳು ಮೈದಾನದಲ್ಲಿ "ಮೊಲ" ಆಗಿದ್ದಳು.

ನಾನು ಮೊದಲು ಅವಳ ತಾಯಿಯನ್ನು ಕರೆಸಿದೆ. ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಸಂಜೆ ಬಂದರು. ಕೂತವರು ಮೊದಲು ಹೇಳಿದ್ದೇ ಗ್ರಹಣದ ಮಾತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಟ್ಟಿದೆ, ಅದಕ್ಕೇ ಮಗುವಿನ ತುಟಿ ಸೀಳಿತು ಎಂದು ಅತ್ತೆಮನೆಯವರು ಇವತ್ತಿಗೂ ಅನ್ನುತ್ತಾರಂತೆ. ಮಗಳೂ ಇದನ್ನು ಕೇಳುತ್ತಲೇ ಬೆಳೆದಿದ್ದಾಳೆ. ಆ ಹೊತ್ತಿಗೆ ಎಷ್ಟು ತಿಂಗಳಾಗಿತ್ತು ಎಂದು ಕೇಳಿದೆ. ಐದೋ ಆರೋ ಎಂದರು. ಗರ್ಭದಲ್ಲಿ ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ, ಅಂಗುಳ ಕೂಡುವುದು 6ರಿಂದ 9ನೇ ವಾರದೊಳಗೆ. ಐದನೇ ತಿಂಗಳಿಗೆ ಅದೆಲ್ಲ ಎಂದೋ ಮುಗಿದಿರುತ್ತದೆ. ವಂಶವಾಹಿಗಳೂ ಬೇರೆ ಹಲವು ಸಂಗತಿಗಳೂ ಸೇರಿ ಹೀಗಾಗುತ್ತದೆ, ಇಂಥದ್ದೇ ಒಂದು ಕಾರಣ ಎಂದು ಹೇಳಲು ಹೆಚ್ಚಿನವರಲ್ಲಿ ಆಗುವುದಿಲ್ಲ ಎಂದು ವಿವರಿಸಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರಗಳ ಲೆಕ್ಕ ಬರೆದು ತೋರಿಸಿದೆ. ಆ ಹಾಳೆಯನ್ನು ಅವರು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋದರು. ತಾಯಿಯ ಎದೆಯಲ್ಲಿ ತಪ್ಪಿತಸ್ಥ ಭಾವ ಇರುವವರೆಗೆ ಮಗು ತಲೆ ಎತ್ತುವುದು ಕಷ್ಟ ಎಂದು ನಾನು ನಂಬುತ್ತೇನೆ.

ಆಮೇಲೆ ತರಗತಿ. ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ "ಇವಳೂ ನಿಮ್ಮ ಹಾಗೇ, ಚೆನ್ನಾಗಿ ನೋಡಿಕೊಳ್ಳಿ" ಎಂದು ಭಾಷಣ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವಳನ್ನೇ ಕೇಳಿದೆ: ಮಾತು ಹೇಗೆ ಹುಟ್ಟುತ್ತದೆ ಅಂತ ಎಲ್ಲರಿಗೂ ಪಾಠ ಮಾಡಲಾ? ನಿನ್ನ ಹೆಸರು ಎತ್ತುವುದಿಲ್ಲ. ತುಂಬ ಹೊತ್ತು ಯೋಚಿಸಿ ತಲೆಯಾಡಿಸಿದಳು.

ಪಾಠಕ್ಕೆ ನಮ್ಮ ವರ್ಣಮಾಲೆಯೇ ಸಾಕಾಯಿತು. ಕ ವರ್ಗದಿಂದ ಪ ವರ್ಗದವರೆಗೆ ಐದು ಸಾಲು ಬೋರ್ಡಿನ ಮೇಲೆ ಬರೆದೆ. ಪ್ರತಿ ಸಾಲಿನ ಕೊನೆಯ ಅಕ್ಷರ ಅನುನಾಸಿಕ, ಅದು ಮಕ್ಕಳಿಗೆ ಗೊತ್ತು. ಎಲ್ಲರೂ ಮೂಗು ಹಿಡಿದುಕೊಂಡು "ನಮ್ಮ ಮನೆ" ಅನ್ನಿ ಎಂದೆ. ತರಗತಿಯಿಡೀ "ದಬ್ಬ ಬದೆ" ಎಂದು ಕೂಗಿತು. ನಗು ನಿಲ್ಲಲು ಸಮಯ ಹಿಡಿಯಿತು. ಈಗ ಮೂಗು ಹಿಡಿದೇ "ಪಾಪು" ಅನ್ನಿ. ಏನೂ ವ್ಯತ್ಯಾಸವಿಲ್ಲ. ಯಾಕೆ? ಅಂಗುಳದ ಹಿಂಭಾಗ ಮೆತ್ತಗಿದೆ, ಬಾಗಿಲಿಗೆ ಕಟ್ಟಿದ ಪರದೆಯ ಹಾಗೆ. ಪ, ಬ, ಕ, ಗ, ಸ, ಚ ಅನ್ನುವಾಗ ಅದು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ಗಾಳಿಯೆಲ್ಲ ಬಾಯಿಂದಲೇ ಬರುತ್ತದೆ. ಮ, ನ ಅನ್ನುವಾಗ ದಾರಿ ತೆರೆದಿರುತ್ತದೆ. ಕೆಲವರಿಗೆ ಆ ಪರದೆ ಹಿಂದಕ್ಕೆ ಪೂರ್ತಿ ಮುಟ್ಟುವುದಿಲ್ಲ. ಆಗ "ಪಾಪು" ಅನ್ನುವಾಗಲೂ ಗಾಳಿ ಮೂಗಿನಿಂದ ಸೋರುತ್ತದೆ. ಅವರಿಗೆ ಹೇಳಲು ಗೊತ್ತಿಲ್ಲ ಅಂತಲ್ಲ, ಗಾಳಿ ನಿಲ್ಲುತ್ತಿಲ್ಲ, ಅಷ್ಟೇ.

ಹಿಂದಿನ ಸಾಲಿನ ಹುಡುಗನೊಬ್ಬ ತಿರುಗಿ ಅವಳನ್ನು ನೋಡಿ, "ಓ, ನಿಂದು ಅದಾ?" ಎಂದ. ಅವಳು "ಹ್ಞೂಂ" ಎಂದಳು. ಅಲ್ಲಿಗೆ ನಾನು ಪಾಠ ಮುಗಿಸಿದೆ.

ಇನ್ನು ಅವಳ ಕೈಯಲ್ಲೇ ಒಂದು ಉತ್ತರ ಇರಬೇಕಿತ್ತು. ಬ್ರಿಟನ್ನಿನಲ್ಲಿ ಜೇಮ್ಸ್ ಪಾರ್ಟ್ರಿಡ್ಜ್ ಎಂಬವರು ಮುಖ ಬೇರೆಯಾಗಿ ಕಾಣುವವರಿಗಾಗಿ 1992ರಲ್ಲಿ ಚೇಂಜಿಂಗ್ ಫೇಸಸ್ ಎಂಬ ಸಂಸ್ಥೆ ಕಟ್ಟಿದರು. ಹದಿನೆಂಟನೇ ವಯಸ್ಸಿಗೆ ಕಾರಿನ ಬೆಂಕಿಯಲ್ಲಿ ಅವರ ಮುಖ ಸುಟ್ಟಿತ್ತು. ಆ ಸಂಸ್ಥೆ ಹೇಳಿಕೊಡುವ ಕ್ರಮ ಸರಳ: ಏನಾಯಿತೆಂದು ಚುಟುಕಾಗಿ ಹೇಳು, ಗಾಬರಿ ಬೇಡ ಅನ್ನು, ಮಾತು ಬದಲಿಸು. ನಾವಿಬ್ಬರೂ ಕೂತು ಅವಳ ಮಾತಿನಲ್ಲೇ ಅದನ್ನು ಕಟ್ಟಿದೆವು. "ಹುಟ್ಟಿದಾಗ್ಲೇ ತುಟಿ ಕೂಡಿದ್ದಿಲ್ಲ. ಡಾಕ್ಟರ್ ಹೊಲ್ದಾರ. ಈಗ ನೋಯಂಗಿಲ್ಲ. ಆಟಕ್ಕ ಬರ್ತೀಯೇನ?" ಬೆಂಗಳೂರಿನ ಮಕ್ಕಳು ಅವಳ ಯಾದಗಿರಿ ಮಾತಿಗೂ ನಗುತ್ತಿದ್ದರು, ಹಾಗಾಗಿ "ಬೆಂಗಳೂರು ಕನ್ನಡದಾಗ ಬರ್ಕೊಡ್ರಿ" ಎಂದು ಕೇಳಿದಳು. ಬೇಡ ಎಂದೆ. ಬಾಯಿಪಾಠ ಮಾಡಿದ ಮಾತು ಗೇಲಿ ಮಾಡುವವರ ಎದುರು ಮರೆತುಹೋಗುತ್ತದೆ, ಅಮ್ಮನಿಂದ ಕಲಿತ ಮಾತು ಮರೆಯುವುದಿಲ್ಲ.

"ಮೊಲ" ಎಂದು ಶುರುಮಾಡಿದವರು ಇಬ್ಬರು. ಒಬ್ಬೊಬ್ಬರನ್ನೇ ಕರೆದು, ದನಿ ಏರಿಸದೆ, ಇದು ಇಲ್ಲಿಗೆ ನಿಲ್ಲಬೇಕು ಎಂದು ಹೇಳಿದೆ. ಅವರಲ್ಲಿ ಒಬ್ಬನನ್ನು ಅವಳ ಜೊತೆ ಗ್ರಂಥಾಲಯದ ಪುಸ್ತಕ ಹಂಚುವ ಕೆಲಸಕ್ಕೆ ಹಾಕಿದೆ. ಅಕ್ಕಪಕ್ಕ ನಿಂತು ಕೆಲಸ ಮಾಡುವ ಮಕ್ಕಳಿಗೆ ಮುಖ ಬೇಗ ಅಭ್ಯಾಸವಾಗುತ್ತದೆ.

ಮಕ್ಕಳಿಗಿಂತ ಕಷ್ಟವಾದದ್ದು ದೊಡ್ಡವರ ಜೊತೆ. ಸ್ಟಾಫ್ ರೂಮಿನಲ್ಲಿ ಅವಳು ಡಸ್ಟರ್ ತರಲು ಬಂದರೂ "ಅಯ್ಯೋ ಪಾಪ, ಹೆಣ್ಣುಮಗು ಬೇರೆ" ಎಂಬ ಮಾತು ಅವಳಿಗೆ ಕೇಳುವಂತೆಯೇ ಬರುತ್ತಿತ್ತು. ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಮಾಟಗಾತಿಯ ಪಾತ್ರ ಅವಳಿಗೆ ಎಂದು ಆಗಲೇ ತೀರ್ಮಾನವಾಗಿತ್ತು. ನಾನು ಒಪ್ಪಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವನ್ನು ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂದು ಸಭೆಯಲ್ಲಿ ಓದಿ ಹೇಳಿದೆ. ಕೆಲವರಿಗೆ ಬೇಸರವಾಯಿತು. ಅವಳು ಆ ವರ್ಷ ಸೂತ್ರಧಾರಳಾದಳು, ಸಂಭಾಷಣೆ ಕಡಿಮೆ ಮಾಡದೆ.

ಒಂದು ಸಂಗತಿಯನ್ನು ಎಲ್ಲ ಶಿಕ್ಷಕರೂ ಗಮನಿಸಬೇಕು ಎಂದು ಕೇಳಿಕೊಳ್ಳುತ್ತೇನೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡುತ್ತೇವೆ. ಇವಳು ಲೋಟ ಹಿಡಿದು ನಲ್ಲಿಯ ಕಡೆ ಹೋಗಿ ಚೆಲ್ಲಿ ಬರುತ್ತಿದ್ದಳು. ಹಾಲು ಇಷ್ಟವಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಹಿಂದೆಯೇ ಹೋಗಿ ಕೇಳಿದೆ. ಗಟಗಟ ಕುಡಿದರೆ ಹಾಲು ಮೂಗಿನಿಂದ ಬರುತ್ತದೆ ಎಂದಳು. ಅಂಗುಳದ ಹೊಲಿಗೆಯಲ್ಲಿ ಕೆಲವರಿಗೆ ಸಣ್ಣ ತೂತು ಉಳಿದುಬಿಡುತ್ತದೆ, ಇವಳಿಗೂ ಉಳಿದಿತ್ತು. ನೆಟ್ಟಗೆ ಕೂತು, ಗುಟುಕು ಗುಟುಕಾಗಿ, ನಡುವೆ ಬಿಟ್ಟು ಬಿಟ್ಟು ಕುಡಿದರೆ ಬರುವುದಿಲ್ಲ. ಅವಳಿಗೆ ಬೇಕಾದದ್ದು ಸಮಯ ಮಾತ್ರ. ಇಡೀ ತರಗತಿಗೇ ಹಾಲನ್ನು ಕೂತು ನಿಧಾನವಾಗಿ ಕುಡಿಯುವ ನಿಯಮ ಮಾಡಿದೆ.

ಉಕ್ತಲೇಖನ ಬರೆಸುವಾಗ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನಾನು ಬೋರ್ಡಿಗೆ ತಿರುಗಿದರೆ ತಪ್ಪು ಹೆಚ್ಚುತ್ತಿತ್ತು. ಅಂಗುಳ ಸೀಳಿದ ಮಕ್ಕಳಿಗೆ ಕಿವಿಯ ಒಳಗೆ ನೀರು ಕಟ್ಟಿಕೊಂಡು ಕೇಳಿಸುವುದು ಮಂದವಾಗುವುದು ಸಾಮಾನ್ಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅದನ್ನು ಹೇಳಿ ಕಿವಿ ಪರೀಕ್ಷೆಗೆ ಬರೆಸಿಕೊಂಡೆ. ಎಡಗಿವಿ ಮಂದ ಎಂದು ಗೊತ್ತಾಯಿತು. ಮುಂದಿನ ಸಾಲಿನ ಎಡತುದಿಗೆ ಕೂರಿಸಿದೆ, ಬಲಗಿವಿ ನನ್ನ ಕಡೆ ಬರುವಂತೆ.

ಸ್ಪೀಚ್ ಥೆರಪಿಗೆ ಪ್ರತಿ ವಾರ ರಜೆ ಹಾಕಿದರೆ ತಾಯಿಯ ಸಂಬಳ ಕತ್ತರಿ. ಹಾಗಾಗಿ ಥೆರಪಿಸ್ಟ್ ಕೊಟ್ಟ ಪದಗಳ ಪಟ್ಟಿಯನ್ನು ಶಾಲೆಯಲ್ಲೇ ಹೇಳಿಸುತ್ತಿದ್ದೆ: ಪಟ, ಪಾಪು, ಬುಟ್ಟಿ, ಕಾಗೆ. ಬಾಯೆದುರು ಕಾಗದದ ಪಟ್ಟಿ ಹಿಡಿದು "ಪ" ಅಂದಾಗ ಅದು ಅಲ್ಲಾಡಿದರೆ ಗಾಳಿ ಬಾಯಿಂದ ಬಂತು ಎಂದು ಲೆಕ್ಕ. ಬಲೂನು, ಪೀಪಿ ಊದಿಸಿ ಎಂದು ಸಲಹೆ ಕೊಡುವವರು ಬಹಳ. ಊದುವುದರಿಂದ ಊದುವುದು ಬರುತ್ತದೆ, ಮಾತು ಮಾತಾಡಿಯೇ ಬರಬೇಕು ಎಂದು ಥೆರಪಿಸ್ಟ್ ಸ್ಪಷ್ಟವಾಗಿ ಹೇಳಿದ್ದರು.

ವರ್ಷದ ಕೊನೆಯ ಭಾಗದಲ್ಲಿ ವಸಡಿಗೆ ಮೂಳೆ ಕೂಡಿಸುವ ಆಪರೇಷನ್ ಆಯಿತು. ಸೀಳುತುಟಿಯ ಮಕ್ಕಳ ಚಿಕಿತ್ಸೆಗೆ ಹಣ ಕೊಡುವ ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ಖರ್ಚು ಬೀಳಲಿಲ್ಲ. ಅವಳು ವಾಪಸ್ ಬಂದಾಗ ಸ್ವಲ್ಪ ಕುಂಟುತ್ತಿದ್ದಳು. ಬಾಯಿಗೆ ಆಪರೇಷನ್ ಮಾಡಿದರೆ ಕಾಲು ಯಾಕೆ ಕುಂಟುತ್ತದೆ ಎಂದು ತರಗತಿಯೇ ಮುತ್ತಿಕೊಂಡಿತು. ಈ ಸಲ ನಾನು ಬಾಯಿ ಬಿಡಲಿಲ್ಲ. ಅವಳೇ ಬೋರ್ಡಿನ ಮೇಲೆ ಸೊಂಟ ಬರೆದು, ಅಲ್ಲಿಂದ ಮೂಳೆಯ ಚೂರು ತೆಗೆದು ವಸಡಿನ ಬಿರುಕಿಗೆ ತುಂಬಿದ್ದಾರೆ, ಇಲ್ಲದಿದ್ದರೆ ಕೋರೆಹಲ್ಲು ಇಳಿಯಲು ನೆಲೆ ಇರುವುದಿಲ್ಲ ಎಂದು ಹೇಳಿದಳು. "ಸೊಂಟದ ಮೂಳೆ ಮತ್ತೆ ಬೆಳೀತದಾ?" ಎಂದು ಪ್ರಶ್ನೆ ಬಂತು. "ತುಂಬ್ಕೊತೈತಂತ" ಎಂದಳು. ಗಟ್ಟಿ ತಿನ್ನುವಂತಿರಲಿಲ್ಲ, ಬಿಸಿಯೂಟದ ಅನ್ನ ಸಾಂಬಾರನ್ನು ಪಕ್ಕದವಳು ಚಮಚದಲ್ಲಿ ಕಿವುಚಿ ಕೊಡುತ್ತಿದ್ದಳು. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.

ಮಾರ್ಚಿನಲ್ಲಿ ಒಂದು ದೂರು ಬಂತು: ಕುಂಟೆಬಿಲ್ಲೆಯಲ್ಲಿ ಅವಳು ಗೆರೆ ತುಳಿದು ಇಲ್ಲ ಅನ್ನುತ್ತಾಳೆ, ಮೋಸಗಾತಿ. ಇಬ್ಬರನ್ನೂ ನಿಲ್ಲಿಸಿ ವಿಚಾರಿಸಿದೆ. ಗೆರೆ ತುಳಿದದ್ದು ನಿಜ. ಅವಳಿಗೆ ಒಂದು ಆಟ ಹೊರಗೆ ಕೂರುವ ಶಿಕ್ಷೆ ಕೊಟ್ಟೆ.

ಐದನೇ ತರಗತಿಯ ಶಿಕ್ಷಕರಿಗೆ ಒಂದು ಚೀಟಿ ಬರೆದು ಕೊಟ್ಟಿದ್ದೇನೆ. ಎಡಗಿವಿ ಮಂದ, ಎಡತುದಿಗೆ ಕೂರಿಸಿ. ಹಾಲಿಗೆ ಸಮಯ ಕೊಡಿ. ಹೊಸ ಮಕ್ಕಳು ಕೇಳಿದರೆ ತಡೆಯಬೇಡಿ, ಅವಳು ಉತ್ತರ ಕೊಡುತ್ತಾಳೆ. ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟರೆ ಬರೆದುಕೊಳ್ಳಿ. ಹಲ್ಲಿಗೆ ತಂತಿ ಹಾಕಲು ಆಸ್ಪತ್ರೆಯಿಂದ ದಿನ ಗೊತ್ತಾಗಬೇಕಿದೆ, ಆ ವಾರ ಕಿರುಪರೀಕ್ಷೆ ಇಟ್ಟುಕೊಳ್ಳಬೇಡಿ.