ಪುನರ್ಪುಳಿ ಸಿಪ್ಪೆಯಲ್ಲಿ ಫೀನಾಲ್ ಎಷ್ಟಿದೆ, ಅಳೆಯೋದು ಹೇಗೆ?

ಪುನರ್ಪುಳಿ ಅನ್ನಿ, ಶಿರಸಿ ಕಡೆಯವ್ರ ಹಾಗೆ ಮುರುಗಲು ಅನ್ನಿ, ಮರ ಒಂದೇ, ಅದರ ತವರು ನಮ್ಮ ಪಶ್ಚಿಮ ಘಟ್ಟ. ಮೈಮೇಲೆ ಪಿತ್ತದ ಗಂಧೆ ಎದ್ರೆ ಮನೇಲಿ ಇದೇ ಸಿಪ್ಪೆ ನೆನೆಸಿ ಕುಡಿಸ್ತಾರೆ. ಅದರ ಕೆಂಪು ಬಣ್ಣ ಆಂಥೋಸಯಾನಿನ್, ಜೊತೆಗೆ ಹಳದಿ ಗಾರ್ಸಿನಾಲ್, ಎರಡೂ ಫೀನಾಲಿಕ್‌ಗಳೇ, ಅಂದ್ರೆ ಫೀನಾಲ್ ಗುಂಪಿನ ಸಸ್ಯ ರಾಸಾಯನಿಕಗಳು. ಸಿಪ್ಪೆಗೆ ಹುಳಿ ಕೊಡೋ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಮಾತ್ರ ಈ ಗುಂಪಿನದ್ದಲ್ಲ, ತೂಕ ಇಳಿಸೋ ಮಾತ್ರೆ ಮಾರೋರು ಎಲ್ಲಾನೂ ಕಲಸಿ ಹೇಳ್ತಾರೆ ಅಷ್ಟೆ.

ಮೊದ್ಲು ಅಡುಗೆಮನೆ ಟೆಸ್ಟ್. ಸಿಪ್ಪೆ ನೆನೆಸಿದ ನೀರು ಎರಡು ಚಮಚ ಬಿಳಿ ಬಟ್ಟಲಿಗೆ ಹಾಕಿ, ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಉದುರಿಸಿ. ಬುಸ್ ಅಂತ ನೊರೆ ಬಂದು ಕೆಂಪು ಹೋಗಿ ನೇರಳೆ, ಕೊಳಕು ನೀಲಿ ಕಡೆಗೆ ತಿರುಗಿದ್ರೆ ಅದು ಆಂಥೋಸಯಾನಿನ್. ಆದ್ರೆ ಎಷ್ಟಿದೆ ಅಂತ ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ಕಾಲೇಜು ಲ್ಯಾಬ್ ಬೇಕು.

ಸಿಪ್ಪೆನ ನೆರಳಲ್ಲೇ ಒಣಗಿಸಿ, ನಾನು ಒಂದ್ಸಲ ಅವಸರಕ್ಕೆ ಟೆರೇಸ್ ಬಿಸಿಲಿಗೆ ಹಾಕಿ ಕಂದು ಚಕ್ಕೆ ಮಾಡ್ಕೊಂಡಿದ್ದೆ. ಪುಡಿ ಮಾಡಿ 1 ಗ್ರಾಂಗೆ 80% ಮೆಥನಾಲ್ 20 ಮಿ.ಲೀ. ಹಾಕಿ ಮುಚ್ಚಿ, ರಾತ್ರಿಯಿಡೀ ಕತ್ತಲಲ್ಲಿಟ್ಟು ಸೋಸಿ. ಮೆಥನಾಲ್ ವಿಷ, ಹತ್ರ ಬೆಂಕಿ ಬೇಡ, ರುಚಿ ನೋಡೋದಂತೂ ಬೇಡ್ವೇ ಬೇಡ.

ಸೋಸಿದ್ದನ್ನ ಚೆನ್ನಾಗಿ ತೆಳು ಮಾಡಿ 0.5 ಮಿ.ಲೀ. ತಗೊಳ್ಳಿ, ಅದಕ್ಕೆ ಹತ್ತು ಪಟ್ಟು ತೆಳು ಮಾಡಿದ ಫೋಲಿನ್-ಸಿಯೋಕಾಲ್ಟೊ ರಿಯೇಜೆಂಟ್ (ಫೀನಾಲ್ ಪತ್ತೆ ಮಾಡೋ ದ್ರಾವಣ) 2.5 ಮಿ.ಲೀ., ಐದು ನಿಮಿಷ ಬಿಟ್ಟು 7.5% ಸೋಡಿಯಂ ಕಾರ್ಬೊನೇಟ್ 2 ಮಿ.ಲೀ. ಹಳದಿ ದ್ರಾವಣ ನಿಧಾನಕ್ಕೆ ನೀಲಿಯಾಗುತ್ತೆ, ಅದನ್ನ ನೋಡೋದೇ ಖುಷಿ. ಅರ್ಧ ಗಂಟೆ ಬಿಟ್ಟು, ದ್ರಾವಣ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋ ಸ್ಪೆಕ್ಟ್ರೋಫೋಟೋಮೀಟರಲ್ಲಿ 765 ನ್ಯಾನೋಮೀಟರ್‌ಗೆ ರೀಡಿಂಗ್ ತಗೊಳ್ಳಿ. ಕ್ಯುವೆಟ್ (ದ್ರಾವಣ ಹಾಕೋ ಪುಟ್ಟ ಪಾರದರ್ಶಕ ಪಾತ್ರೆ) ಒಳಗೆ ಗುಳ್ಳೆ ಅಂಟಿದ್ರೆ ರೀಡಿಂಗ್ ಕೆಡುತ್ತೆ, ಮೆತ್ತಗೆ ತಟ್ಟಿ ಬಿಡಿಸಿ.

ಇದೇ ರೀತಿ, ಹೋಲಿಸಿ ನೋಡೋಕೆ, ಮಿ.ಲೀ.ಗೆ 20ರಿಂದ 100 ಮೈಕ್ರೋಗ್ರಾಂವರೆಗಿನ ಗ್ಯಾಲಿಕ್ ಆಸಿಡ್ (ಇದೂ ಒಂದು ಫೀನಾಲಿಕ್) ದ್ರಾವಣಗಳನ್ನೂ ಅಳೆದು ಗ್ರಾಫ್ ಹಾಕಿ, ನಿಮ್ಮ ರೀಡಿಂಗ್ ಆ ಗೆರೆಯ ಮೇಲೆ ಎಲ್ಲಿ ಬೀಳುತ್ತೆ ನೋಡಿ. ತೆಳು ಮಾಡಿದ ಪಟ್ಟು ಗುಣಿಸೋದು ಮರೀಬೇಡಿ, ಅರ್ಧ ಕ್ಲಾಸ್ ತಪ್ಪೋದು ಅಲ್ಲೇ.

ಇನ್ನೊಂದು, ಈ ರಿಯೇಜೆಂಟ್‌ಗೆ ಫೀನಾಲ್ ಮಾತ್ರ ಬೇಕು ಅಂತೇನಿಲ್ಲ, ವಿಟಮಿನ್ ಸಿ, ಕೆಲವು ಸಕ್ಕರೆ ಕಂಡ್ರೂ ನೀಲಿಯಾಗುತ್ತೆ, ಅಲ್ಲಿಗೆ ಲೆಕ್ಕ ಉಬ್ಬುತ್ತೆ. ಇನ್ನು ಟ್ಯೂಬಲ್ಲಿ ನೀಲಿ ಜಾಸ್ತಿ ಬಂತು ಅಂತ ರಿಪೋರ್ಟಲ್ಲಿ "ಕ್ಯಾನ್ಸರ್‌ಗೆ ಮದ್ದು" ಅಂತ ಬರೀಬೇಡಿ, ಕುಡಿದಿದ್ರಲ್ಲಿ ರಕ್ತಕ್ಕೆ ಎಷ್ಟು ಸೇರುತ್ತೆ ಅನ್ನೋದನ್ನ ಈ ಟೆಸ್ಟ್ ಹೇಳೋದೇ ಇಲ್ಲ. ಮೆಥನಾಲ್ ತಾಗದ ಸಿಪ್ಪೆ ಉಳಿದಿದ್ರೆ ಮನೆಗೆ ತಗೊಂಡು ಹೋಗಿ, ಬೆಲ್ಲ, ಹಸಿಮೆಣಸು ಹಾಕಿ ಸಾರು ಮಾಡಿ.