12.35 ಅಂದರೆ 12 ಚೀಲ 35 ಕೆಜಿ: ಕಾಫಿ ಖರೀದಿಯ ಹಳೆ ಲೆಕ್ಕ ಹೊಸ ಡೇಟಾಬೇಸಿಗೆ

ಕೊಡಗಿನಲ್ಲಿ ಕಾಫಿ, ಕರಿಮೆಣಸು ಕೊಳ್ಳುವ ಅಂಗಡಿಯೊಂದರ ಲೆಕ್ಕ ಇದು. ಹಳೆಯದು ಫಾಕ್ಸ್‌ಪ್ರೋ ಎಂಬ ಹಳೆ ಕಾಲದ ಡೇಟಾಬೇಸ್ ಪ್ರೋಗ್ರಾಂ: ಆರ್ಥಿಕ ವರ್ಷಕ್ಕೊಂದು ಫೋಲ್ಡರ್, ಒಳಗೆ ಅದರ ಕೋಷ್ಟಕಗಳಾದ ಡಿಬಿಎಫ್ ಫೈಲುಗಳು, ಹೆಸರು-ಊರೆಲ್ಲ ನುಡಿ ಫಾಂಟಿನಲ್ಲಿ. ಹೊಸದು ಪೋಸ್ಟ್‌ಗ್ರೆಸ್ ಡೇಟಾಬೇಸ್. ವಿನ್ಯಾಸವೇ ಬದಲಾದ್ದರಿಂದ ಹಳೆಯ ಒಂದು ಸಾಲು ಹೊಸದರಲ್ಲಿ ಮೂರು-ನಾಲ್ಕು ಕೋಷ್ಟಕಗಳಿಗೆ ಹಂಚಿಹೋಗುತ್ತದೆ. ಸ್ಕ್ರಿಪ್ಟ್ ಬರೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಹಳೆಯ ಒಂದೊಂದು ಕಾಲಮ್ಮಿಗೂ ಅಂಗಡಿಯಲ್ಲಿ ಯಾವ ಅರ್ಥ ರೂಢಿಯಲ್ಲಿತ್ತು ಎಂದು ಪತ್ತೆ ಮಾಡುವುದಕ್ಕೇ ದಿನ ಹಿಡಿಯಿತು.

ತೂಕದ ಕಾಲಮ್ಮನ್ನೇ ನೋಡಿ. ಕರಿಮೆಣಸಿಗೆ ಅದು ಕೆಜಿ. ಕಾಫಿಗೆ ಚೀಲ, ಚೀಲಕ್ಕೆ 50 ಕೆಜಿ. ಆದರೆ ತೂಕದ ಚೀಟಿಯಲ್ಲಿ 12 ಚೀಲ 35 ಕೆಜಿಯನ್ನು 12-35 ಎಂದು ಬರೆಯುವ ಅಭ್ಯಾಸವಿದ್ದುದರಿಂದ ಕಂಪ್ಯೂಟರಿಗೂ ಅದು 12.35 ಎಂದೇ ಇಳಿದಿದೆ. ದಶಮಾಂಶ ಎಂದುಕೊಂಡು 50ರಿಂದ ಗುಣಿಸಿದರೆ 617.5 ಕೆಜಿ, ನಿಜವಾದ ತೂಕ 635. ಇನ್ನೂ ಕೆಟ್ಟದ್ದು 12.4. ಅದು 12 ಚೀಲ 40 ಕೆಜಿಯೋ, 4 ಕೆಜಿಯೋ, ಹನ್ನೆರಡೂ ದಶಮಾಂಶ ನಾಲ್ಕು ಚೀಲವೋ? 640, 604, 620, ಮೂರೂ ಸಾಧ್ಯ. ಸಂಖ್ಯೆಯ ಕಾಲಮ್ಮಿನಿಂದ ಓದುವಾಗ ಕೊನೆಯ ಸೊನ್ನೆ ಉದುರಿಹೋಗುತ್ತದೆ, ನೋಡಿ ಹೇಳಲು ಬರುವುದಿಲ್ಲ.

ಇದನ್ನು ಬಿಡಿಸಿದ್ದು ಅದೇ ಸಾಲಿನ ಮೊತ್ತದಿಂದ. ಕಡಿತಕ್ಕೆ ಮುಂಚಿನ ಮೊತ್ತವನ್ನು ದರದಿಂದ ಭಾಗಿಸಿದರೆ ಚೀಲ ಬರುತ್ತದೆ. ಉದಾಹರಣೆಗೆ ಚೀಲಕ್ಕೆ 4,000 ದರ, ಮೊತ್ತ 51,200 ಇದ್ದರೆ 12.8 ಚೀಲ, ಅಂದರೆ 640 ಕೆಜಿ. ಮೊತ್ತ 48,320 ಆಗಿದ್ದರೆ 604. ಪ್ರತಿ ಸಾಲಿಗೂ ಮೂರು ಓದನ್ನೂ ಲೆಕ್ಕ ಹಾಕಿ, ಮೊತ್ತಕ್ಕೆ ಹೊಂದಿದ್ದನ್ನು ಇಟ್ಟುಕೊಂಡೆವು. ಯಾವುದೂ ಹೊಂದದ ಸಾಲುಗಳನ್ನು ಬೇರೆ ಕೋಷ್ಟಕಕ್ಕೆ ತಳ್ಳಿ ಚೀಟಿ ತೆಗೆಸಿ ನೋಡಿದೆವು. ಹೊಸದರಲ್ಲಿ ಚೀಲದ ಲೆಕ್ಕ ಬಿಲ್ ಅಚ್ಚಿನಲ್ಲಿ ಮಾತ್ರ. ಒಳಗೆ ಎಲ್ಲವೂ ಕೆಜಿ, ಮೂರು ದಶಮಾಂಶ ಸ್ಥಾನದ ನ್ಯೂಮರಿಕ್. ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ತೂಕಕ್ಕೂ ಬೇಡ, ಹಣಕ್ಕೂ ಬೇಡ.

ದರ ಸೊನ್ನೆ ಇರುವ ಸಾಲುಗಳನ್ನು ಕಂಡ ಕೂಡಲೇ ಕಸವೆಂದು ಗುಡಿಸಬೇಡಿ. ಬೆಳೆಗಾರರು ಕಾಫಿ ತಂದು ಹಾಕಿ, ಬೆಲೆ ಏರಲಿ ಎಂದು ದರ ಕಟ್ಟದೆ ಬಿಡುತ್ತಾರೆ. ಆ ಸರಕು ಗೋದಾಮಿನಲ್ಲಿದೆ, ಕೊಡಬೇಕಾದ ಹಣ ಇನ್ನೂ ನಿಗದಿಯಾಗಿಲ್ಲ. 'ದರ ಸೊನ್ನೆಗಿಂತ ಹೆಚ್ಚಿರಬೇಕು' ಎಂಬ ನಿರ್ಬಂಧ ಹಾಕಿದರೆ ಅಷ್ಟೂ ಸಾಲು ತಿರಸ್ಕೃತವಾಗಿ ದಾಸ್ತಾನು ಕಡಿಮೆ ಬೀಳುತ್ತದೆ. ಹೊಸ ವಿನ್ಯಾಸದಲ್ಲಿ ಆಮದು, ಅಂದರೆ ಅಂಗಡಿಗೆ ಬಂದ ಸರಕು, ಒಂದು ಕೋಷ್ಟಕ, ದರ ನಿಗದಿ ಇನ್ನೊಂದು. ಒಂದೇ ಆಮದಿಗೆ ಮೂರು ದಿನ ಮೂರು ದರ ಕಟ್ಟಿದರೂ ಸಾಲುತ್ತದೆ. 50 ಕೆಜಿ ಚೆರಿಯಿಂದ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣು) ಎಷ್ಟು ಕೆಜಿ ಬೀಜ ಬಂತು ಎಂಬ ಔಟ್‌ಟರ್ನ್ ಆಮದಿನ ಜೊತೆಗೇ ಇರಬೇಕು, ದರದ ಜೊತೆಗಲ್ಲ.

ಬೆಳೆಗಾರ ಮತ್ತು ಖಾತೆ ಎರಡೂ ಒಂದೇ ಎಂದು ಹಳೆಯ ಪ್ರೋಗ್ರಾಂ ನಂಬಿತ್ತು. ಜಮ್ಮಾ ಆಸ್ತಿಯ (ಕೊಡಗಿನ ಪಿತ್ರಾರ್ಜಿತ ಜಮೀನು) ಕುಟುಂಬಗಳಲ್ಲಿ ಇದು ನಡೆಯುವುದಿಲ್ಲ: ಖಾತೆ ಒಕ್ಕದ, ಅಂದರೆ ಇಡೀ ಮನೆತನದ ಹೆಸರಿನಲ್ಲಿ, ಮುಂಗಡ ತೆಗೆದುಕೊಂಡವರು ಅಣ್ಣ, ಕಾಫಿ ತಂದವರು ತಮ್ಮ. ಹೀಗಾಗಿ ವ್ಯಕ್ತಿ, ಖಾತೆ, ಇವೆರಡರ ನಂಟು ಎಂದು ಮೂರು ಕೋಷ್ಟಕ ಮಾಡಿದೆವು. ಒಂದೇ ಮನೆ ಹೆಸರು, ಒಂದೇ ಇನಿಷಿಯಲ್, ಒಂದೇ ಊರು ಇದ್ದರೂ ಸಾಗಿಸುವಾಗ ಯಾರನ್ನೂ ಒಂದುಗೂಡಿಸಲಿಲ್ಲ. ತಪ್ಪಿ ಬೆರೆಸಿದ ಎರಡು ಬಾಕಿಗಳನ್ನು ಮತ್ತೆ ಬೇರ್ಪಡಿಸುವುದು ಯಾರಿಂದಲೂ ಆಗದ ಕೆಲಸ. ಹಳೆಯ ಖಾತೆ ಸಂಖ್ಯೆ ಹೊಸ ಕೋಷ್ಟಕದಲ್ಲೂ ಉಳಿದಿದೆ; ಬೆಳೆಗಾರರ ಕೈಯಲ್ಲಿರುವ ಚೀಟಿಯಲ್ಲಿ ಇರುವುದು ಅದೇ.

ನುಡಿಯಿಂದ ಯೂನಿಕೋಡಿಗೆ ಬರುವಾಗ ಮೊದಲ ಪೆಟ್ಟು ಅರ್ಕಾವತ್ತಿಗೆ. ನುಡಿಯಲ್ಲಿ ಅದು ವ್ಯಂಜನದ ನಂತರ, ಯೂನಿಕೋಡಿನಲ್ಲಿ ಮೊದಲು. ಕೆಟ್ಟ ಪರಿವರ್ತಕದಲ್ಲಿ ಕಾರ್ಯಪ್ಪ ಹೋಗಿ 'ಕಾಯರ್ಪ್ಪ' ಆಗುತ್ತಾರೆ. ಅದೇ ಕಾಲಮ್ಮಿನಲ್ಲಿ ಇಂಗ್ಲಿಷ್ ಹೆಸರುಗಳೂ ಇರುತ್ತವೆ, ಅವನ್ನು ಪರಿವರ್ತಕಕ್ಕೆ ಹಾಕಿದರೆ ಅರ್ಥವಿಲ್ಲದ ಕನ್ನಡ ಅಕ್ಷರ ಹೊರಬರುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತ 127ರೊಳಗೇ ಇರುವುದರಿಂದ, 127ಕ್ಕಿಂತ ಮೇಲಿನ ಬೈಟ್ ಇದ್ದರೆ ಮಾತ್ರ ನುಡಿ ಎಂಬ ಸರಳ ಜರಡಿ ಬಹುಪಾಲು ಸಾಕಾಯಿತು. ಪರಿವರ್ತಿಸಿದ ಮೇಲೂ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಹೋಲಿಕೆಯಲ್ಲಿ ಬೇರೆ ಬೇರೆ ಎಂದು ಬರಬಹುದು: 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಬರೆಯಲು ಬರುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಇದಕ್ಕೆ ಮದ್ದು. ಅಡಗಿ ಕುಳಿತ ಜೀರೋ ವಿಡ್ತ್ ಜಾಯ್ನರ್‌ಗಳು (ಅಕ್ಷರ ಜೋಡಿಸುವ, ಕಣ್ಣಿಗೆ ಕಾಣದ ಸಂಕೇತ) ಬೇರೆಯೇ ಸಂಗತಿ, ಅವನ್ನು ಹೋಲಿಕೆಯ ಕಾಲಮ್ಮಿನಲ್ಲಿ ಮಾತ್ರ ತೆಗೆದೆವು. ಊರುಗಳಿಗೆ ಒಂದು ಹೊಂದಾಣಿಕೆ ಪಟ್ಟಿ ಕೈಯಿಂದಲೇ ಆಗಬೇಕು. ಮರ್ಕೆರಾ ಮತ್ತು ಮಡಿಕೇರಿ, ಫ್ರೇಸರ್‌ಪೇಟೆ ಮತ್ತು ಕುಶಾಲನಗರ ಒಂದೇ ಎಂದು ಯಂತ್ರಕ್ಕೆ ಗೊತ್ತಿಲ್ಲ.

ಮೊದಲ ಸಲ ತುಂಬಿದಾಗ ಒಟ್ಟು ಮೊತ್ತ ಹಳೆಯದಕ್ಕಿಂತ ಹೆಚ್ಚು ಬಂತು. ಡಿಬಿಎಫ್‌ನಲ್ಲಿ ಅಳಿಸಿದ ಸಾಲು ಅಳಿಯುವುದಿಲ್ಲ, ಪ್ಯಾಕ್ ಆದೇಶ ಕೊಟ್ಟು ಫೈಲನ್ನು ಶುಚಿ ಮಾಡುವ ತನಕ ಸಾಲಿನ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ ಹೊತ್ತು ಅಲ್ಲೇ ಕೂತಿರುತ್ತದೆ. ಓದುವ ಉಪಕರಣ ಅದನ್ನು ಗಮನಿಸದಿದ್ದರೆ ರದ್ದಾದ ಬಿಲ್ಲುಗಳೆಲ್ಲ ಎದ್ದು ಬರುತ್ತವೆ. ಬಿಲ್ ಸಂಖ್ಯೆ ಪ್ರತಿ ಏಪ್ರಿಲ್ 1ಕ್ಕೆ ಮತ್ತೆ ಒಂದರಿಂದ ಶುರು, ಆದ್ದರಿಂದ ಆರ್ಥಿಕ ವರ್ಷ ಮತ್ತು ಸಂಖ್ಯೆ ಎರಡೂ ಸೇರಿಯೇ ಕೀ (ಒಂದು ಸಾಲನ್ನು ಗುರುತಿಸುವ ಗುರುತು). ಅಕ್ಷರ ರೂಪದಲ್ಲಿದ್ದ ದಿನಾಂಕಗಳಿಗೆ ಪೋಸ್ಟ್‌ಗ್ರೆಸ್ಸಿನ ಡೇಟ್‌ಸ್ಟೈಲ್ ಸೆಟ್ಟಿಂಗನ್ನು ದಿನ-ತಿಂಗಳು-ವರ್ಷ ಎಂದು ಮೊದಲೇ ಹೊಂದಿಸಿ. ತಿಂಗಳು ಮೊದಲು ಎಂದು ಇದ್ದರೆ 13/04 ದೋಷ ಕೊಟ್ಟು ನಿಲ್ಲುತ್ತದೆ, 03/04 ಮಾತ್ರ ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತದೆ. ತೆರಿಗೆ ಸಂಖ್ಯೆಯ ಕಾಲಮ್ಮಿನಲ್ಲಿ 2017ರ ಜುಲೈ 1ಕ್ಕೆ ಮೊದಲಿನ 11 ಅಂಕಿಯ ಟಿನ್, ಆಮೇಲಿನ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಎರಡೂ ಇದ್ದವು. ಉದ್ದ ನೋಡಿ ಬೇರ್ಪಡಿಸಿದೆವು.

ಕ್ರಮ ಹೀಗೆ: ಎಲ್ಲ ಕಾಲಮ್ಮೂ ಟೆಕ್ಸ್ಟ್ ಆಗಿರುವ ತಾತ್ಕಾಲಿಕ ಕೋಷ್ಟಕಗಳಿಗೆ ಕಾಪಿ ಆದೇಶದಿಂದ ತುಂಬುವುದು, ಅಲ್ಲಿಂದ ಪರಿವರ್ತಿಸಿ ನಿಜವಾದ ಕೋಷ್ಟಕಗಳಿಗೆ, ಕೊನೆಗೆ ಇಂಡೆಕ್ಸ್. ಪರಿವರ್ತನೆ ಪೂರ್ತಿ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಅಂದರೆ ಆದರೆ ಪೂರ್ತಿ, ಇಲ್ಲವೇ ಏನೂ ಇಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಅರ್ಧ ತುಂಬಿದ ಡೇಟಾಬೇಸ್ ಖಾಲಿಯದಕ್ಕಿಂತ ಅಪಾಯ.

ತಾಳೆ ನೋಡಲು ನಮ್ಮ ಕ್ವೆರಿಯ ಉತ್ತರಗಳನ್ನೇ ಎರಡೂ ಕಡೆ ಹೋಲಿಸಿದರೆ ಪ್ರಯೋಜನವಿಲ್ಲ, 12.35ನ್ನು ತಪ್ಪಾಗಿ ಓದಿದ್ದರೆ ಎರಡೂ ಕಡೆ ಒಂದೇ ತಪ್ಪು ಬಂದು ತಾಳೆಯಾಗಿಬಿಡುತ್ತದೆ. ಹಳೆಯ ಪ್ರೋಗ್ರಾಮೇ ಅಚ್ಚು ಹಾಕಿದ ಲೆಡ್ಜರನ್ನು ಪಕ್ಕದಲ್ಲಿಟ್ಟು ಪ್ರತಿ ಖಾತೆಗೆ ಸರಕುವಾರು ಕೆಜಿ, ಮೊತ್ತ, ಬಾಕಿ ಪೈಸೆವರೆಗೆ ನೋಡಿದೆವು.

ಬದಲಾಯಿಸುವ ದಿನ ಏಪ್ರಿಲ್ 1 ಇರಲಿ ಎನ್ನುತ್ತಾರೆ ಲೆಕ್ಕಪರಿಶೋಧಕರು. ಆಗ ರೋಬಸ್ಟಾ ಚೆರಿ ಬರುತ್ತಲೇ ಇರುತ್ತದೆ, ತಕ್ಕಡಿಯ ಮುಂದೆ ಜೀಪುಗಳ ಸಾಲು. ನಾವು ಆರಿಸಿದ್ದು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲಿನ ಸೆಪ್ಟೆಂಬರ್. ಅಕ್ಟೋಬರ್ 1ಕ್ಕೆ ಕಾಫಿ ವರ್ಷವೂ ಹೊಸದು. ಬದಲಾಯಿಸಿದ ದಿನ ಬೆಳಿಗ್ಗೆ ಮೊದಲ ಬಿಲ್ಲೇ 'ಕೀ ಈಗಾಗಲೇ ಇದೆ' ಎಂದು ನಿಂತಿತು. ಹಳೆಯ ಸಂಖ್ಯೆಗಳನ್ನು ನೇರವಾಗಿ ತುಂಬಿದಾಗ, ಮುಂದಿನ ಸಂಖ್ಯೆ ಕೊಡುವ ಎಣಿಕೆಯಾದ ಸೀಕ್ವೆನ್ಸ್ ಇನ್ನೂ ಒಂದರಲ್ಲೇ ಇರುತ್ತದೆ. ಸೆಟ್‌ವ್ಯಾಲ್ ಫಂಕ್ಷನ್ನಿನಿಂದ ಅದನ್ನು ಪ್ರತಿ ಕೋಷ್ಟಕದ ಗರಿಷ್ಠ ಸಂಖ್ಯೆಗೆ ಹೊಂದಿಸಿದ ಮೇಲೆ ಬಿಲ್ ಅಚ್ಚಾಯಿತು.