ಅಗಲ ಪಾದಕ್ಕೆ ಹಾಕಿ ಸ್ಕೇಟ್ಸ್: ಮೂರನೇ ಜೊತೆಗೆ ಸಿಕ್ಕಿದ ಅಳತೆ

ನಾನು ಹಾಕಿ ಕಲಿತದ್ದು ಕೊಡಗಿನಲ್ಲಿ, ಹುಲ್ಲಿನ ಮೇಲೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗ ನನಗೆ 12 ವರ್ಷ. ಕಾಲಿಗೆ ಅಣ್ಣ ಹಾಕಿ ಬಿಟ್ಟ ಕ್ಯಾನ್ವಾಸ್ ಶೂ. ಮನೆ, ಅಂಗಳ, ತೋಟ ಎಲ್ಲ ಕಡೆ ಬರಿಗಾಲು. ಅದರಿಂದಲೋ, ಅಪ್ಪನ ಕಡೆಯ ಕಾಲೇ ಹಾಗೋ, ನನ್ನ ಪಾದ ಮುಂದೆ ಮೊರದ ಹಾಗೆ ಅಗಲ, ಹಿಮ್ಮಡಿಯ ಹತ್ತಿರ ಸಣ್ಣ. ಯಾವ ಹೊಸ ಶೂ ತಂದರೂ ಕಿರುಬೆರಳನ್ನು ಕಚ್ಚುತ್ತಿತ್ತು. ಹಾಗಾಗಿ ಒಂದು ಸೈಜು ದೊಡ್ಡದು ತೆಗೆದುಕೊಳ್ಳುವುದು ಅಭ್ಯಾಸವಾಗಿ ಹೋಗಿತ್ತು.

ಈಗ ಇರುವುದು ಕೆನಡಾದ ಮಿಸ್ಸಿಸಾಗಾದಲ್ಲಿ. ಇಲ್ಲಿ ಹಾಕಿ ಅಂದರೆ ಐಸ್ ಹಾಕಿ ಮಾತ್ರ. ನಮ್ಮ ಹಾಕಿಯ ಬಗ್ಗೆ ಹೇಳಬೇಕಾದರೆ 'ಫೀಲ್ಡ್ ಹಾಕಿ' ಎಂದು ಬಿಡಿಸಿ ಹೇಳಬೇಕು, ಸ್ವಲ್ಪ ಬೇಜಾರಾಗುತ್ತದೆ. ಮಗಳು ಐದು ವರ್ಷಕ್ಕೇ ಐಸ್ ಮೇಲೆ ಓಡಾಡತೊಡಗಿದಳು. ಗಾಜಿನಾಚೆ ಕೂತು ಕಾಫಿ ಕುಡಿದು ಸಾಕಾಗಿ, ದೊಡ್ಡವರಿಗೆ ಹಾಕಿ ಕಲಿಸುವ ತರಗತಿಗೆ ನಾನೂ ಸೇರಿದೆ. ಕೋಲು ಹಿಡಿಯುವುದು ಗೊತ್ತಿತ್ತು. ಕಾಲಿನದ್ದೇ ಸಮಸ್ಯೆ.

ಐಸ್ ಮೇಲೆ ಜಾರಲು ಅಡಿಗೆ ಬ್ಲೇಡ್ ಇರುವ ಬೂಟು, ಅಂದರೆ ಸ್ಕೇಟ್ಸ್ ಬೇಕು. ಮೊದಲ ಜೊತೆ ಸೆಕೆಂಡ್ ಹ್ಯಾಂಡ್, 60 ಡಾಲರ್. ಸೈಜು 9.5. ನಾನು ಹಾಕುವ ಶೂ 10, ಸ್ಕೇಟ್ಸ್ ಸ್ವಲ್ಪ ಚಿಕ್ಕದಿರಬೇಕು ಎಂದು ಎಲ್ಲೋ ಕೇಳಿದ್ದೆ, ಸರಿ ಇರಬಹುದು ಅಂದುಕೊಂಡೆ. ಅಂಗಡಿಯಲ್ಲಿ ಹಾಕಿ ನೋಡಿದಾಗ ಆಹಾ, ಎಷ್ಟು ಹಾಯಾಗಿತ್ತು! ಬೆರಳುಗಳೆಲ್ಲ ಆರಾಮಾಗಿ ಆಡುತ್ತಿದ್ದವು. ಮನೆಯ ಚಪ್ಪಲಿಯ ಹಾಗೆ ಹಾಯಾಗಿರುವ ಸ್ಕೇಟ್ಸ್ ನಿಮ್ಮ ಸೈಜಿನದ್ದಲ್ಲ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಐಸ್ ಮೇಲೆ ಇಳಿದ ಮೇಲೆ ಶುರುವಾಯಿತು. ಬ್ರೇಕ್ ಹಾಕಲು ಹೋದರೆ ಕಾಲು ಬೂಟಿನೊಳಗೆ ತಿರುಗುತ್ತಿತ್ತು, ಬೂಟು ಮಾತ್ರ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳುತ್ತಿತ್ತು. ಹಿಡಿತ ಬರಲೆಂದು ಲೇಸನ್ನು ಜೀವ ಹೋಗುವಷ್ಟು ಬಿಗಿದರೆ, ಪಾದದ ಮೇಲ್ಭಾಗದಲ್ಲಿ ಕೆಂಪು ಗೀರು ಬಿದ್ದು ಕಾಲು ಜೋಮು ಹಿಡಿಯುತ್ತಿತ್ತು. ಒಂದು ದಿನ ಮಗಳು ಗಾಜಿನಾಚೆಯಿಂದ ನೋಡಿ, "ಅಪ್ಪಾ, ನಿಮ್ಮ ಕಾಲು ಎರಡೂ ಒಳಗಡೆ ವಾಲ್ತಾ ಇದೆ" ಅಂದಳು. ನಾನು ನನ್ನ ಕಾಲಿಗೆ ಶಕ್ತಿ ಸಾಲದು ಅಂದುಕೊಂಡು ಎರಡು ತಿಂಗಳು ಮನೆಯಲ್ಲಿ ಒಂಟಿಕಾಲಲ್ಲಿ ನಿಂತು ವ್ಯಾಯಾಮ ಮಾಡಿದೆ. ಸುಮ್ನೆ.

ಕೊನೆಗೆ ಒಂದು ಸಂಜೆ ಕಾಲನ್ನೇ ಅಳೆಯೋಣ ಅನ್ನಿಸಿತು. ಸಂಜೆಯೇ ಯಾಕೆಂದರೆ ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಅಳೆದರೆ ಮೋಸ. ಗಟ್ಟಿ ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಮೈಭಾರ ಪೂರ್ತಿ ಆ ಕಾಲಿನ ಮೇಲೆ ಬಿಟ್ಟು ನಿಂತೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಗೆರೆ ಎಳೆದವಳು ಮಗಳು. ನಾವೇ ಬಗ್ಗಿ ಎಳೆದರೆ ಭಾರ ಆಚೀಚೆ ಆಗಿ ಅಳತೆ ತಪ್ಪುತ್ತದೆ. ಬಲಗಾಲು ಉದ್ದ 26.2 ಸೆಂಟಿಮೀಟರ್, ಅಗಲ 10.8. ಎಡಗಾಲು ಉದ್ದ 26, ಅಗಲ 10.7. ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಒಂದು ಗಂಟು ಬೇರೆ.

26.2 ಎಂದರೆ ಅಮೆರಿಕದ ಗಂಡಸರ ಶೂ ಅಳತೆಯಲ್ಲಿ 9. ಹಾಕಿ ಸ್ಕೇಟ್ಸ್ ಸಾಮಾನ್ಯವಾಗಿ ಅದಕ್ಕಿಂತ ಒಂದರಿಂದ ಒಂದೂವರೆ ಸೈಜು ಕಡಿಮೆ. ಅಂದರೆ ನನಗೆ ಬೇಕಾದದ್ದು 7.5ರ ಆಸುಪಾಸು. ನಾನು ಹಾಕಿಕೊಂಡು ಒದ್ದಾಡುತ್ತಿದ್ದದ್ದು 9.5! ಒಂದು ಸೈಜಿಗೆ ಸುಮಾರು ಎಂಟೂವರೆ ಮಿಲಿಮೀಟರ್ ಉದ್ದ. ಎರಡು ಸೈಜು ಅಂದರೆ 17 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಹೆಬ್ಬೆರಳಿನ ಅಗಲದಷ್ಟು ಖಾಲಿ ಜಾಗ.

ನಾನು ಇಷ್ಟು ವರ್ಷ ಮಾಡಿಕೊಂಡು ಬಂದ ತಪ್ಪು ಆಗ ಗೊತ್ತಾಯಿತು. ಅಗಲ ಬೇಕೆಂದು ಉದ್ದ ಕೊಂಡುಕೊಳ್ಳುತ್ತಿದ್ದೆ. ಸೈಜು ಒಂದು ಏರಿದರೆ ಉದ್ದ ಎಂಟೂವರೆ ಮಿಲಿಮೀಟರ್ ಬೆಳೆಯುತ್ತದೆ, ಅಗಲ ಬೆಳೆಯುವುದು ಎರಡೇ ಮಿಲಿಮೀಟರಿನಷ್ಟು. ಆ ಎರಡು ಮಿಲಿಮೀಟರಿಗಾಗಿ ಹಿಮ್ಮಡಿಯ ಹಿಡಿತ ಪೂರ್ತಿ ಕಳೆದುಕೊಳ್ಳುತ್ತೇವೆ. ಓಡಾಡುವ ಶೂನಲ್ಲಿ ಇದು ನಡೆದುಹೋಗುತ್ತದೆ. ಸ್ಕೇಟ್ಸ್‌ನಲ್ಲಿ ಇಲ್ಲ. ಬೂಟು ದೊಡ್ಡದಾದಂತೆ ಕೆಳಗಿನ ಬ್ಲೇಡೂ ಉದ್ದವಾಗುತ್ತದೆ, ಅದರ ಮೇಲೆ ನಮ್ಮ ಕಾಲು ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ಅಳತೆ ಗೊತ್ತಾಯಿತಲ್ಲ, ಇನ್ನೇನು ಎಂದು ಎರಡನೇ ತಪ್ಪು ಮಾಡಿದೆ. ಒಂದು ಅಂಗಡಿಯಲ್ಲಿ ರಿಯಾಯಿತಿಯಲ್ಲಿ 7.5 ಇತ್ತು, ಆದರೆ ಮಾಮೂಲಿ ಅಗಲದ್ದು. ಹಿಂದೆ ಈ ಅಗಲಕ್ಕೆ 'ಡಿ' ಎಂದೂ, ಅಗಲದ್ದಕ್ಕೆ 'ಡಬಲ್ ಇ' ಎಂದೂ ಅಕ್ಷರ ಇರುತ್ತಿತ್ತು. ಹಳೆಯ ಸ್ಟಾಕಿನಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಅದೇ ಕಾಣುತ್ತದೆ. "ಬೇಕ್ ಮಾಡಿದರೆ ನಿಮ್ಮ ಕಾಲಿಗೆ ಅಗಲ ಆಗುತ್ತೆ" ಎಂದು ಅಲ್ಲಿದ್ದ ಹುಡುಗ ಹೇಳಿದ. ಬೇಕ್ ಅಂದರೆ ಬೂಟನ್ನು ಅಂಗಡಿಯ ಓವನ್ನಿನಲ್ಲಿ ಸುಮಾರು 80 ಡಿಗ್ರಿಯಲ್ಲಿ ಕೆಲವು ನಿಮಿಷ ಬಿಸಿ ಮಾಡಿ, ಮೆತ್ತಗಾದಾಗ ಕಾಲಿಗೆ ಹಾಕಿ ಕೂರಿಸುವುದು. ಮಾಡಿಸಿದೆ. ಒಂದೇ ಆಟಕ್ಕೆ ಕಿರುಬೆರಳಿನ ಹತ್ತಿರ ಗುಳ್ಳೆ ಎದ್ದಿತು. ಬೇಕ್ ಮಾಡಿದರೆ ಬೂಟು ಕಾಲಿನ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುತ್ತದೆ, ನಿಜ. ಆದರೆ ಕಿರಿದಾದ ಬೂಟು ಅಗಲದ ಬೂಟಾಗಿ ಬದಲಾಗುವುದಿಲ್ಲ. ಬೇಕ್ ಮಾಡಿದ್ದನ್ನು ವಾಪಸ್ಸೂ ತಗೊಳ್ಳಲಿಲ್ಲ.

ಮನೆಗೆ ಬಂದು ಒಳಗಿನ ಅಟ್ಟೆಯನ್ನು ಹೊರಗೆಳೆದು, ನೆಲಕ್ಕೆ ಹಾಕಿ, ಅದರ ಮೇಲೆ ನಿಂತು ನೋಡಿದೆ. ಎರಡೂ ಪಕ್ಕ ಪಾದದ ಮಾಂಸ ಅಂಚು ದಾಟಿ ಹೊರಗೆ ಚಾಚಿಕೊಂಡಿತ್ತು, ಬಾಳೆಲೆ ತುಂಬಿ ಆಚೆ ಹರಿಯುವ ಸಾರಿನ ಹಾಗೆ. ಅರ್ಧ ನಿಮಿಷದ ಕೆಲಸ. ಕೊಳ್ಳುವ ಮೊದಲು ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು.

ಮೂರನೇ ಸಲ ಹೋದದ್ದು ರಿಂಕ್, ಅಂದರೆ ಐಸ್ ಅಂಗಳದ ಪಕ್ಕದ ಚಿಕ್ಕ ಪ್ರೊ ಶಾಪಿಗೆ, ಆಟದ ಸಾಮಾನು ಮಾರಿ ಸರಿಮಾಡಿಕೊಡುವ ಅಂಗಡಿಗೆ. ಅಲ್ಲಿದ್ದವರು ವಯಸ್ಸಾದವರು. ನನ್ನ ಸೈಜು ಏನೆಂದು ಕೇಳಲೇ ಇಲ್ಲ. "ಸಾಕ್ಸ್ ತೆಗೀರಿ" ಅಂದರು. ಬರಿಗಾಲನ್ನು ಬ್ರಾನಕ್ ಎಂಬ ಲೋಹದ ಅಳತೆ ಹಲಗೆಯ ಮೇಲೆ ಇಡಿಸಿದರು. ಹಳೆಯ ಶೂ ಅಂಗಡಿಗಳಲ್ಲಿ ಇರುತ್ತದಲ್ಲ, ಜಾರುಪಟ್ಟಿ ಇರುವ ಆ ಸಾಧನ. ಉದ್ದ 9, ಅಗಲ ಡಬಲ್ ಇ. ಅಷ್ಟಕ್ಕೇ ಬಿಡಲಿಲ್ಲ. ಹಿಮ್ಮಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿದರು. ಪಾದದ ಮೇಲಿನ ಏರನ್ನು ಅಂಗೈಯಿಂದ ಸವರಿದರು. ಎಡಗಾಲಿನ ಗಂಟಿಗೆ ಕೈ ಬಂದಾಗ ನಿಲ್ಲಿಸಿ, "ಇಲ್ಲಿ ನೋಯುತ್ತೆ, ಅಲ್ವಾ?" ಅಂದರು. ನಾನು ಹೇಳಿರಲಿಲ್ಲ. "ನಿಮ್ಮದು ಬಾತುಕೋಳಿ ಕಾಲು. ಮುಂದೆ ಅಗಲ, ಹಿಂದೆ ಸಣ್ಣ. ಅಗಲದ ಬೂಟುಗಳಲ್ಲಿ ಎಲ್ಲವೂ ನಿಮಗೆ ಆಗಲ್ಲ."

ಅವರು ಹೇಳಿದ್ದರಲ್ಲಿ ನನಗೆ ಹೊಸದೆನಿಸಿದ್ದು ಇದು. ಅಗಲ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮೂರು ಅಳತೆ ಇವೆ: ಬೆರಳ ಬುಡದ ಅಗಲ, ಹಿಮ್ಮಡಿಯ ಅಗಲ, ಮತ್ತು ಪಾದ ಎಷ್ಟು ದಪ್ಪ ಎನ್ನುವುದು, ಅಂದರೆ ಬೂಟಿನ ಆಳ. ಕಂಪನಿಗಳು ಈಗ ಬರೀ ಅಕ್ಷರದ ಬದಲು ಈ ಮೂರನ್ನೂ ಸೇರಿಸಿ ಹೆಸರಿಡುತ್ತಿವೆ. ಬಾವರ್‌ನವರದ್ದು ಫಿಟ್ 1, ಫಿಟ್ 2, ಫಿಟ್ 3. ಫಿಟ್ 1 ಕಿರಿದು, ಫಿಟ್ 3ರಲ್ಲಿ ಅಗಲವೂ ಆಳವೂ ಹೆಚ್ಚು. ಸಿಸಿಎಂನವರದ್ದು ಟೇಪರ್ಡ್, ರೆಗ್ಯುಲರ್, ವೈಡ್. ಟ್ರೂ ಕಂಪನಿ ಕಾಲನ್ನು ಸ್ಕ್ಯಾನ್ ಮಾಡಿ ಅದಕ್ಕೇ ಹೊಲಿದ ಹಾಗೆ ಮಾಡಿಕೊಡುತ್ತದೆ. ಆದರೆ ವಾರಕ್ಕೊಮ್ಮೆ ಬಿದ್ದೇಳುವ ನನ್ನಂಥವನಿಗೆ ಆ ಬೆಲೆ ಜಾಸ್ತಿ.

ಆಳ ನೋಡುವುದಕ್ಕೆ ಅವರು ಒಂದು ಪೆನ್ಸಿಲ್ ತೆಗೆದರು. ಬೂಟಿಗೆ ಕಾಲು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿದೆ. ಲೇಸ್ ಕಟ್ಟಲಿಲ್ಲ. ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೇ ಲೇಸ್ ತೂತಿನ ಹತ್ತಿರ, ಈ ಅಂಚಿನಿಂದ ಆ ಅಂಚಿಗೆ ಪೆನ್ಸಿಲ್ ಅಡ್ಡ ಇಟ್ಟರು. ಪೆನ್ಸಿಲ್ ಎರಡೂ ಅಂಚಿನ ಮೇಲೆ ಸಮವಾಗಿ ಮಲಗಬೇಕು, ಕಾಲಿಗೆ ತಾಗಬಾರದು. ನನ್ನ ರಿಯಾಯಿತಿಯ ಜೊತೆಯನ್ನೂ ಕೊಂಡೊಯ್ದಿದ್ದೆ. ಅದರಲ್ಲಿ ಇಟ್ಟಾಗ ಪೆನ್ಸಿಲ್ ನನ್ನ ಪಾದದ ಮೇಲೆ ಏತದ ಹಾಗೆ ಆಚೆ ಈಚೆ ತೂಗಿತು. ಬೂಟಿನ ಆಳ ಸಾಲದು, ಅದಕ್ಕೇ ಲೇಸ್ ಕಾಲಿಗೆ ಕೊರೆಯುತ್ತದೆ.

ಒಟ್ಟು ಐದು ಜೊತೆ ಹಾಕಿ ನೋಡಿದೆ, ಆಟಕ್ಕೆ ಹಾಕುವ ತೆಳುವಾದ ಸಾಕ್ಸಿನಲ್ಲೇ. ಒಂದು ತುಂಬಾ ಅಗಲದ್ದು ಮುಂದೆ ಸ್ವರ್ಗ, ಹಿಂದೆ ಹಿಮ್ಮಡಿ ಏಳುತ್ತಿತ್ತು. ಬೇಡ ಎಂದು ಅವರೇ ತೆಗೆದಿಟ್ಟರು. ಕೊನೆಗೆ ಕೂತದ್ದು ಸಿಸಿಎಂನ ಒಂದು ವೈಡ್, 7.5. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂದಿನ ಗಟ್ಟಿ ಕವಚಕ್ಕೆ ಸೋಕಿ ಸೋಕದ ಹಾಗೆ ಇತ್ತು. ಮಂಡಿ ಬಗ್ಗಿಸಿದೊಡನೆ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳು ಬಿಡುಗಡೆಯಾಯಿತು. ಪಕ್ಕದ ಹಿಡಿತವನ್ನು ಹೇಗೆ ಹೇಳಲಿ? ನಾಟಿ ಗದ್ದೆಯ ಕೆಸರಿಗೆ ಕಾಲಿಟ್ಟರೆ ಸುತ್ತಲೂ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಎಲ್ಲ ಕಡೆ ಒಂದೇ ಸಮ, ಎಲ್ಲಿಯೂ ಚುಚ್ಚುವುದಿಲ್ಲ. ಒಂದೇ ಜಾಗದಲ್ಲಿ ಚುಚ್ಚಿದರೆ, ಇಲ್ಲಾ ಬೆರಳು ಜೋಮು ಹಿಡಿದರೆ ಬೇಡ.

ಕಟ್ಟಿಕೊಂಡು 20 ನಿಮಿಷ ಅಲ್ಲೇ ಕೂರಿಸಿದರು. ಹತ್ತು ನಿಮಿಷದ ತನಕ ಸುಮ್ಮನಿದ್ದ ಎಡಗಾಲಿನ ಗಂಟು ಆಮೇಲೆ ಮಾತಾಡಿತು. ಐದು ನಿಮಿಷಕ್ಕೆ ಎದ್ದು ಬಿಲ್ ಕೊಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ಅವರ ಹತ್ತಿರ ಔಷಧಿ ಇತ್ತು. ಬೂಟಿನ ಮೇಲೆ ಗಂಟಿನ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟೇ ಜಾಗವನ್ನು ಬಿಸಿಗಾಳಿಯಿಂದ ಕಾಯಿಸಿ, ಗುಂಡು ತುದಿಯ ಇಕ್ಕಳದಂಥ ಸಾಧನದಲ್ಲಿ ಒಳಗಿನಿಂದ ಹೊರಕ್ಕೆ ಒತ್ತಿ ಒಂದು ರಾತ್ರಿ ಬಿಟ್ಟರು. ಪಂಚ್ ಮಾಡುವುದು ಎನ್ನುತ್ತಾರೆ. ಸಿಗುವುದು ಕೆಲವೇ ಮಿಲಿಮೀಟರ್. ಇಡೀ ಬೂಟು ಕಿರಿದಾಗಿದ್ದರೆ ಇದರಿಂದ ಪ್ರಯೋಜನವಿಲ್ಲ, ಒಂದು ಗಂಟಿಗೆ ಸಾಕು.

ಬೇಕ್ ಮಾಡುವಾಗಲೂ ವ್ಯತ್ಯಾಸ ಕಂಡಿತು. ರಿಯಾಯಿತಿ ಅಂಗಡಿಯ ಹುಡುಗ ಲೇಸನ್ನು ಎರಡೂ ಪಕ್ಕಕ್ಕೆ ಜಗ್ಗಿದ್ದ. ಇವರು ಹಿಂದಕ್ಕೆ, ನನ್ನ ಕಡೆಗೆ ಎಳೆದು ಕಟ್ಟಿದರು. ಬಿಸಿಯಿದ್ದಾಗ ಪಕ್ಕಕ್ಕೆ ಜಗ್ಗಿದರೆ ಲೇಸಿನ ತೂತುಗಳೇ ಕಿತ್ತು ಬರಬಹುದಂತೆ. ಕಟ್ಟಿದ ಮೇಲೆ ಆರುವ ತನಕ ಏಳುವ ಹಾಗಿಲ್ಲ. ಎದ್ದು ನಡೆದರೆ ಮೆತ್ತಗಿನ ಬೂಟು ಎತ್ತ ವಾಲುತ್ತದೋ ಅತ್ತಲೇ ಗಟ್ಟಿಯಾಗುತ್ತದೆ. ಮಗಳು ಪಕ್ಕದಲ್ಲಿ ಕಾವಲು ಕೂತು, ನಾನು ಫೋನ್ ತೆಗೆಯಲು ಬಗ್ಗಿದಾಗಲೂ "ಅಲ್ಲಾಡಬೇಡಿ ಅಪ್ಪ" ಎಂದು ಗದರಿದಳು.

ಇನ್ನೊಂದು ಮಾತು. ಹೊಸ ಸ್ಕೇಟ್ಸ್ ಬ್ಲೇಡ್ ಹರಿತ ಮಾಡದೆಯೇ ಬರುತ್ತವೆ. ಅದು ಗೊತ್ತಿಲ್ಲದೆ ಐಸಿಗೆ ಇಳಿದು, ಜಾರಿ, ಫಿಟ್ಟೇ ಸರಿಯಿಲ್ಲ ಎಂದು ಬೈದುಕೊಂಡವರನ್ನು ನೋಡಿದ್ದೇನೆ.

ಮೊದಲ ಮೂರು ವಾರ ಪಾದದ ಅಡಿ ನೋಯುತ್ತಿತ್ತು, 40 ನಿಮಿಷಕ್ಕೆ ಬಿಚ್ಚಿ ಕೂರುತ್ತಿದ್ದೆ. ನಾಲ್ಕನೇ ವಾರದಿಂದ ಒಂದು ಗಂಟೆ ಪೂರ್ತಿ ಆಡಿದೆ. ಲೇಸನ್ನು ಈಗ ಎರಡು ಬೆರಳಲ್ಲಿ ಎಳೆದು ಕಟ್ಟುತ್ತೇನೆ, ಹಲ್ಲು ಕಚ್ಚಬೇಕಾಗಿಲ್ಲ. ಕಾಲು ಒಳಕ್ಕೆ ವಾಲುವುದು ಪೂರ್ತಿ ಹೋಗಿಲ್ಲ, ಆದರೆ ಮಗಳು ಹೇಳುವಷ್ಟು ಇಲ್ಲ. ಎಡಗಾಲಿನ ಗಂಟಿನ ಜಾಗ ಮತ್ತೆ ಸ್ವಲ್ಪ ಒತ್ತುತ್ತಿದೆ. ಈ ಶನಿವಾರ ಅವಳ ಪ್ರಾಕ್ಟೀಸಿಗೆ ಹೋದಾಗ ಇನ್ನೊಂದು ಸಲ ಪಂಚ್‌ಗೆ ಕೊಟ್ಟು ಬರುತ್ತೇನೆ.